ಬಲಗಡೆಯ ನಳಿಗೆ

ಶೂಟಿಂಗ್ ಕ್ಲಬ್ಬಿನ ಆಯುಧದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೋವಿಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ ನಿವೃತ್ತಳಾದವಳನ್ನು ಎಲ್ಲರೂ ಕೋವಿಯಕ್ಕ ಎಂದೇ ಕರೆಯುತ್ತಿದ್ದರು. ಹಳೇ ಕೋವಿ ಮಾರುವವನು ಸುಳ್ಳು ಹೇಳಿಯೇ ಹೇಳುತ್ತಾನೆ, ಕೊಳ್ಳುವವನು ಆ ಸುಳ್ಳು ಕೇಳುವುದಕ್ಕೇ ಬಂದಿರುತ್ತಾನೆ ಎಂಬುದು ಅವಳ ಖಚಿತ ಅಭಿಪ್ರಾಯ. ಇಬ್ಬರನ್ನೂ ಕಂಡರೆ ಅವಳಿಗೆ ಅಸಡ್ಡೆ. ತಂಗಿಯ ಗಂಡನನ್ನು ಕಂಡರೆ ಇನ್ನೂ ಒಂದು ಕೈ ಹೆಚ್ಚು.

ತಂಗಿಯ ಗಂಡ ಬಚ್ಚಲುಮನೆಯ ಟೈಲ್ಸ್ ಮಾರುತ್ತಿದ್ದ. ಅಂಗಡಿಯ ಬೋರ್ಡಿನ ಮೇಲೆ ತನ್ನದೇ ಭಾವಚಿತ್ರ ಹಾಕಿಸಿ, ಕೆಳಗೆ ‘ಟೈಲ್ಸ್ ಸಾಮ್ರಾಟ’ ಎಂದು ಬರೆಸಿಕೊಂಡಿದ್ದ. ಅಂದಿನಿಂದ ಕೋವಿಯಕ್ಕನ ಮನಸ್ಸಿನಲ್ಲಿ ಅವನ ಹೆಸರು ಸಾಮ್ರಾಟ. ಬಾಯಲ್ಲಿ ಮಾತ್ರ ಬಹುವಚನ. ತಂಗಿಯ ಗಂಡನಿಗೆ ಮರ್ಯಾದೆ ಕೊಡಬೇಕು ಅಂತ ಅಮ್ಮ ಕಲಿಸಿದ್ದರು, ಅವಳು ತಪ್ಪದೆ ಕೊಡುತ್ತಿದ್ದಳು. ಆದರೆ ಅವಳ ‘ಏನ್ರೀ’ಯಲ್ಲಿ ಇರುತ್ತಿದ್ದ ಉಪ್ಪುಕಾರ ಬೇರೆಯವರ ಬೈಗುಳದಲ್ಲೂ ಇರುತ್ತಿರಲಿಲ್ಲ.

ಹೋದ ವರ್ಷ ಸಾಮ್ರಾಟನಿಗೆ ಅದೇ ಕ್ಲಬ್ಬಿನ ಸದಸ್ಯತ್ವ ಸಿಕ್ಕಿತು. ಕ್ಲಬ್ಬಿನ ಜಗಲಿಯಲ್ಲಿ ಬೆತ್ತದ ಕುರ್ಚಿಗಳ ಸಾಲೊಂದಿತ್ತು. ಇಪ್ಪತ್ತಾರು ವರ್ಷದಲ್ಲಿ ಕೋವಿಯಕ್ಕ ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಕೆಲಸದವರು ಕೂರುವಂತಿರಲಿಲ್ಲ. ಸಾಮ್ರಾಟ ಮೊದಲ ಭಾನುವಾರವೇ ಅಲ್ಲಿ ಕಾಲು ಚಾಚಿ ಕೂತು, ಫೋಟೋ ತೆಗೆಸಿ, ಮನೆಯವರಿಗೆಲ್ಲ ಕಳಿಸಿದ. ಆಮೇಲೆ ಓಡಾಡಿ ಲೈಸೆನ್ಸ್ ಮಾಡಿಸಿಕೊಂಡ. ಆಮೇಲೆ ಹಾಲಿನ ಗೋಡೆಗೆ ಹಸಿರು ಮಖಮಲ್ಲು ಹೊದಿಸಿದ ಕೋವಿಯ ಕಪಾಟು ಮಾಡಿಸಿದ. ಕೋವಿ ಒಂದು ಬಿಟ್ಟು ಎಲ್ಲವೂ ಬಂದಿತ್ತು.

“ಅಕ್ಕಾ, ಒಂದು ಸಲ ಜೊತೆಗೆ ಹೋಗಿ ಬಾ. ಇವರೊಬ್ಬರನ್ನೇ ಕಳಿಸಿದ್ರೆ ಯಾರಾದ್ರೂ ಟೋಪಿ ಹಾಕ್ತಾರೆ,” ಅಂತ ತಂಗಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

“ಹಾಕಲಿ ಬಿಡೆ. ಆ ತಲೆಗೆ ಟೋಪಿಯಾದ್ರೂ ಒಪ್ಪುತ್ತೆ.”

“ಅಕ್ಕಾ!”

ತಂಗಿಯ ಆ ಧ್ವನಿಗೆ ಅವಳು ಚಿಕ್ಕಂದಿನಿಂದಲೂ ಸೋಲುತ್ತಿದ್ದಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ತನ್ನ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಸಾಮ್ರಾಟನ ಕಾರು ಹತ್ತಿದಳು. ಚೀಲದಲ್ಲಿ ಟಾರ್ಚ್, ಉಕ್ಕಿನ ಸ್ಕೇಲು, ಮದ್ದಿಲ್ಲದ ಎರಡು ಹುಸಿ ತೋಟಾ, ನಳಿಗೆಯ ಗೋಡೆ ಎಷ್ಟು ದಪ್ಪವಿದೆ ಎಂದು ಅಳೆಯುವ ಉದ್ದ ಕಾಲಿನ ಮಾಪಕ, ತೆಳು ಎಣ್ಣೆಯ ಶೀಸೆ, ಸೀಮೆಸುಣ್ಣದ ಪುಡಿ, ಹಳೇ ಪಂಚೆಯ ಚೂರು.

“ಅಲ್ಲಿ ಹೋದ್ಮೇಲೆ ನೀವು ಬಾಯಿಗೆ ಬೀಗ ಹಾಕ್ಕೊಂಡಿರಿ,” ಅಂದಳು. “ಚೆನ್ನಾಗಿದೆ ಅನ್ನಬೇಡಿ. ಮುಖ ಅರಳಿಸಬೇಡಿ.”

“ನಾನು ವ್ಯಾಪಾರಸ್ಥ ಅತ್ತಿಗೆ. ದಿನಾ ಬೆಳಗಾದ್ರೆ ಚೌಕಾಸಿಯೇ ನನ್ನ ಕೆಲಸ.”

“ನೀವು ಮಾರೋರು. ಕೊಳ್ಳೋರ ಮುಖ ಬೇರೆ ಇರಬೇಕು.”

ಕೋವಿ ಮಾರಲಿಟ್ಟಿದ್ದವನನ್ನು ಬೀದಿಯವರು ಕರ್ನಲ್ ಎನ್ನುತ್ತಿದ್ದರು. ಅವನು ಸೈನ್ಯದಲ್ಲಿ ಇದ್ದವನಲ್ಲ. ಸೈನ್ಯದ ಶಿಬಿರಕ್ಕೆ ಮೂವತ್ತು ವರ್ಷ ಆಲೂಗಡ್ಡೆ, ಈರುಳ್ಳಿ ಸರಬರಾಜು ಮಾಡಿದ ಗುತ್ತಿಗೆದಾರ. ಯಾರೋ ತಮಾಷೆಗೆ ಕರ್ನಲ್ ಅಂದರು, ಅವನು ಅದನ್ನೇ ನಿಜವೆಂದು ಹಿಡಿದು ಮೀಸೆ ಬಿಟ್ಟ. ಹಾಲಿನ ಗೋಡೆಯ ಮೇಲೆ, ಸೈನ್ಯದ ಲಾರಿಯ ಪಕ್ಕ ಎದೆಯುಬ್ಬಿಸಿ ನಿಂತ ಅವನ ಫೋಟೋ ತೂಗುತ್ತಿತ್ತು. ಲಾರಿಯ ಹಿಂದೆ ಗೋಣಿಚೀಲಗಳೂ ಬಿದ್ದಿವೆ ಎಂಬುದನ್ನು ಚೌಕಟ್ಟು ಹಾಕಿಸುವಾಗ ಅವನು ಗಮನಿಸಿರಲಿಲ್ಲ. ಕೋವಿಯಕ್ಕ ಒಳಗೆ ಬಂದ ಅರೆಕ್ಷಣದಲ್ಲಿ ಗಮನಿಸಿದಳು.

ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಜೋಡುನಳಿಗೆಯ ಕೋವಿಯನ್ನು ಮಲಗಿಸಿದ್ದ. ಕಿಟಕಿಯ ಪರದೆ ಅರ್ಧ ಎಳೆದಿತ್ತು. ಮರ ಮಿರಮಿರ ಮಿಂಚುತ್ತಿತ್ತು, ನಳಿಗೆಗಳು ಆಗಷ್ಟೇ ಸ್ನಾನ ಮಾಡಿದಂತೆ ಎಣ್ಣೆಯಲ್ಲಿ ಹೊಳೆಯುತ್ತಿದ್ದವು.

“ಅಬ್ಬಬ್ಬಾ! ಏನು ಗತ್ತು ಸಾರ್ ಇದರದ್ದು!” ಅಂದ ಸಾಮ್ರಾಟ, ಚಪ್ಪಲಿ ಬಿಡುವ ಮೊದಲೇ.

ಕೋವಿಯಕ್ಕ ಕಣ್ಣು ಮುಚ್ಚಿ ತೆರೆದಳು. ಕರ್ನಲ್ಲನ ಮುಖದಲ್ಲಿ ಬೆಲೆ ಹತ್ತು ಸಾವಿರ ಮೇಲೇರಿದ್ದು ಅವಳಿಗೆ ಕಾಣಿಸಿತು.

“ತೊಂಬತ್ತಕ್ಕೆ ಜನ ಕೇಳ್ತಿದಾರೆ,” ಅಂದ ಕರ್ನಲ್. “ನಿಮ್ಮಂಥ ಗಂಭೀರ ಮನುಷ್ಯರ ಕೈ ಸೇರಲಿ ಅಂತ ಎಂಬತ್ತು ಸಾವಿರ ಹೇಳ್ತಿದೀನಿ.” ಆಮೇಲೆ ಕೋವಿಯಕ್ಕನ ಕಡೆ ತಿರುಗಿ, “ಮೇಡಂ, ಒಳಗೆ ನಮ್ಮನೆಯವರಿದಾರೆ. ನಿಮಗೆ ಇಲ್ಲಿ ಬೇಜಾರಾಗುತ್ತೆ,” ಅಂದ.

“ಆಗಲ್ಲ. ಪರದೆ ಪೂರ್ತಿ ತೆಗೀರಿ,” ಅಂದಳು ಕೋವಿಯಕ್ಕ.

ಕೋವಿ ಎತ್ತಿಕೊಂಡು ಮೊದಲು ಮಡಚಿ, ಎರಡೂ ನಳಿಗೆ ಖಾಲಿಯಿದೆಯೇ ನೋಡಿದಳು.

“ಖಾಲಿ ಇದೆ ಅಂತ ಹೇಳಿದೆನಲ್ಲ.”

“ಹೇಳಿದ್ರಿ,” ಅಂದು ಬೆರಳಿಟ್ಟು ಮತ್ತೊಮ್ಮೆ ನೋಡಿದಳು.

ನಂತರದ ಮುಕ್ಕಾಲು ಗಂಟೆ ಆ ಹಾಲಿನಲ್ಲಿ ನಡೆದದ್ದನ್ನು ವ್ಯಾಪಾರ ಅನ್ನುವುದಕ್ಕಿಂತ ಮರ್ಯಾದೆ ತೆಗೆಯುವ ಕಾರ್ಯಕ್ರಮ ಅನ್ನಬಹುದು. ಸ್ಕ್ರೂಗಳ ತಲೆಗಳನ್ನು ನೋಡಿ, “ಇದನ್ನ ಯಾರು ಬಿಚ್ಚಿದ್ದು? ತರಕಾರಿ ಹೆಚ್ಚೋ ಚಾಕುನಲ್ಲಾ?” ಎಂದು ಕೇಳಿದಳು. ಕೈಹಿಡಿಯುವ ಕಡೆ ಮರ ಸಣ್ಣಗಾಗುವ ಜಾಗವನ್ನು ಮೂಗಿನ ಹತ್ತಿರ ತಂದು ಮೂಸಿದಳು. “ಬೂಟ್ ಪಾಲಿಶ್. ಕೆಳಗೆ ಮೇಣ. ಅದರ ಕೆಳಗೆ ಸೀಳು,” ಅಂದು ಉಗುರಿನಿಂದ ಕೆರೆದಳು. ಕಂದು ಬಣ್ಣದ ಮೇಣ ಸುರುಳಿ ಸುರುಳಿಯಾಗಿ ಎದ್ದು ಬಂದು, ಕೂದಲೆಳೆಯಂಥ ಬಿರುಕು ಹಲ್ಲು ಕಿರಿಯಿತು.

“ಅಷ್ಟೊಂದು ಕೂಲಂಕಷವಾಗಿ ನೋಡಿದ್ರೆ ಯಾರ ಮನೆ ವಸ್ತು ಉಳಿಯುತ್ತೆ ಮೇಡಂ,” ಅಂದ ಕರ್ನಲ್. “ಎಪ್ಪತ್ತು.”

ಮುಂದಿನ ಮರದ ತುಂಡನ್ನು ಕಳಚಿ, ನಳಿಗೆ ಹಿಡಿದು ಅಲ್ಲಾಡಿಸಿದಳು. ಕೀಲಿನಲ್ಲಿ ಲಟಕ್ ಲಟಕ್ ಎಂದು ಸದ್ದಾಯಿತು. “ಮುದುಕರ ಹಲ್ಲು ಇದ್ದಂಗಿದೆ,” ಅಂದಳು. ಹುಸಿ ತೋಟಾ ಹಾಕಿ, ಸೇಫ್ಟಿ ಒತ್ತಿಟ್ಟು, ಟ್ರಿಗರ್ ಎಳೆದಳು. ಟಕ್ ಎಂದು ಹೊಡೆಯಿತು. ಸೇಫ್ಟಿ ಹಾಕಿದಾಗ ಹೊಡೆಯಕೂಡದು. ಅವಳು ಕರ್ನಲ್ಲನ ಮುಖವನ್ನೇ ನೋಡಿದಳು.

“ಅದು ಇವತ್ತು ಯಾಕೋ…” ಅಂದ ಕರ್ನಲ್. “ಐವತ್ತೈದು ಮಾಡ್ಕೊಳ್ಳಿ.”

ಸಾಮ್ರಾಟನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅತ್ತಿಗೆ ಒಂದೊಂದು ಮಾತು ಬಿಸಾಡಿದಾಗಲೂ ಹತ್ತು ಸಾವಿರ ಉದುರುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಆ ನಾಲಿಗೆ ಬೇರೆಯವರ ಮೇಲೆ ಓಡುತ್ತಿತ್ತು, ಅದೂ ತನ್ನ ಪರವಾಗಿ. ಅವನು ಮೇಜಿನ ಕೆಳಗೆ ಹೆಬ್ಬೆರಳು ಎತ್ತಿ ತೋರಿಸಿದ. ಅವಳು ಅದನ್ನು ನೊಣ ಕಂಡಂತೆ ಕಂಡಳು.

ನಳಿಗೆಗಳನ್ನು ಪೂರ್ತಿ ಬೇರ್ಪಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಎಡಗಡೆಯದ್ದರಲ್ಲಿ ಅಲ್ಲಲ್ಲಿ ತುಕ್ಕು ತಿಂದ ಗುಳಿ, ಅಷ್ಟೆ. ಬಲಗಡೆಯದ್ದಕ್ಕೆ ಕಣ್ಣಿಟ್ಟು ನಿಧಾನ ತಿರುಗಿಸಿದಳು. ಒಳಗಿನ ಬೆಳಕಿನ ಬಳೆಗಳು ಒಂದರ ಹಿಂದೊಂದು ಸಾಲಾಗಿ ಓಡುತ್ತಾ, ಹಿಂಬದಿಯಿಂದ ಒಂದು ಗೇಣು ದೂರದಲ್ಲಿ ಕಪ್ಪಾಗಿ ಮುರಿದವು. ಉಂಗುರದಂಥ ನೆರಳು.

ಅವಳ ಕೈ ಅಲ್ಲೇ ನಿಂತಿತು.

“ಇಲ್ಲಿ ಉಬ್ಬಿತ್ತು. ಬಡಿದು ಕೂರಿಸಿ, ಉಜ್ಜಿ, ಪಾಲಿಶ್ ಹೊಡೆದಿದಾರೆ.”

“ಅದು ನಿಮ್ಮ ರೆಪ್ಪೆ ನೆರಳು ಮೇಡಂ,” ಅಂದು ಕರ್ನಲ್ ನಕ್ಕ. “ಹೆಂಗಸರ ರೆಪ್ಪೆ ಉದ್ದ ಇರುತ್ತೆ ನೋಡಿ.”

ಕೋವಿಯಕ್ಕ ಸ್ಕೇಲನ್ನು ನಳಿಗೆಯ ಉದ್ದಕ್ಕೆ ಇಟ್ಟಳು, ಅಲ್ಲಿ ಮಾತ್ರ ಸಂದಿನಲ್ಲಿ ಬೆಳಕು ನುಸುಳಿತು. ಮಾಪಕ ಇಟ್ಟಳು, ಅಲ್ಲಿ ಲೋಹ ಉಳಿದ ಕಡೆಯ ಅರ್ಧದಷ್ಟೂ ದಪ್ಪ ಇರಲಿಲ್ಲ. ಕೊನೆಗೆ ತೆಳು ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಪಂಚೆಯ ಚೂರಿನಿಂದ ಒಣಗುವ ಹಾಗೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದಳು. ಮೂವರೂ ಬಗ್ಗಿ ನೋಡಿದರು. ಬೆಳ್ಳಗಿನ ಪುಡಿಯ ಮೇಲೆ, ಯಾರೋ ಸೂಜಿಯಲ್ಲಿ ಗೀಚಿದಂತೆ, ಒಂದಂಗುಲ ಉದ್ದದ ಕಪ್ಪು ಗೆರೆ ತಾನಾಗಿಯೇ ಮೂಡಿಬಂತು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆ ಹೊರಗೆ ಒಸರುತ್ತಿತ್ತು.

“ಇದು ಸಿಡಿಯುತ್ತೆ,” ಅಂದಳು ಕೋವಿಯಕ್ಕ.

ಬೂಟ್ ಪಾಲಿಶ್ ಅಂದ ಅದೇ ಧ್ವನಿಯಲ್ಲಿ ಅಂದಳು. ಮುದುಕರ ಹಲ್ಲು ಅಂದ ಅದೇ ಸೊಟ್ಟ ತುಟಿಯಲ್ಲಿ.

ಕರ್ನಲ್ಲನ ಮೀಸೆ ಸ್ವಲ್ಪ ಇಳಿಯಿತು. “ನಲವತ್ತು,” ಅಂದ. ಅವಳು ಸ್ಕೇಲು ಒರೆಸಿ ಚೀಲಕ್ಕೆ ಹಾಕಿದಳು. “ಸರಿ, ಮೂವತ್ತು.” ಅವಳು ಎಣ್ಣೆಯ ಶೀಸೆಗೆ ಮುಚ್ಚಳ ತಿರುಗಿಸುತ್ತಿದ್ದಳು. “ಇಪ್ಪತ್ತೈದು. ಇದು ಕೊನೇ ಮಾತು. ಇದಕ್ಕಿಂತ ಕಡಿಮೆಗೆ ಆಟದ ಕೋವಿಯೂ ಬರಲ್ಲ.”

“ಒಪ್ಪಿದೆ ಸಾರ್!” ಸಾಮ್ರಾಟ ಎದ್ದು ನಿಂತು ಕೈ ಚಾಚಿಯೇಬಿಟ್ಟ.

ಕೋವಿಯಕ್ಕನಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. “ಏನು ಒಪ್ಪಿದ್ರಿ?”

“ಸಾಕು ಅತ್ತಿಗೆ, ಪಾಪ ಇನ್ನೆಷ್ಟು ಅಂತ ಇಳಿಸ್ತೀರಿ. ಎಂಬತ್ತರದ್ದು ಇಪ್ಪತ್ತೈದಕ್ಕೆ ತಂದ್ರಿ. ಭಲೇ!”

“ನಾನು ಚೌಕಾಸಿ ಮಾಡ್ತಿಲ್ಲ ಕಣ್ರೀ. ಇದು ಸಿಡಿಯುತ್ತೆ ಅಂತಿದೀನಿ.”

“ಗೊತ್ತಾಯ್ತು, ಗೊತ್ತಾಯ್ತು,” ಅಂತ ಕಣ್ಣು ಹೊಡೆದ.

“ಮೇಡಂ ಮಾತಿನಲ್ಲಿ ನಿಸ್ಸೀಮರು,” ಅಂದ ಕರ್ನಲ್, ಕೈ ಕುಲುಕುತ್ತಾ. “ಆದ್ರೆ ಕೋವಿ ಹಿಡಿಯೋ ಧೈರ್ಯ ಅನ್ನೋದು ನೋಡಿ ಸಾರ್, ಅದು ನಿಮ್ಮಂಥವರ ರಕ್ತದಲ್ಲೇ ಬರಬೇಕು.”

ಸಾಮ್ರಾಟನ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು. ಆಗ ಕೋವಿಯಕ್ಕ ಮಾಡಬಾರದ್ದನ್ನು ಮಾಡಿದಳು. ಆಲೂಗಡ್ಡೆಯವನ ಎದುರಿಗೇ, “ತಲೇಲಿ ಏನಾದ್ರೂ ಇದೆಯೇನ್ರೀ ನಿಮಗೆ? ಟೈಲ್ಸ್ ಪುಡಿ ತುಂಬ್ಕೊಂಡಿದೆಯಾ?” ಎಂದಳು.

ಕರ್ನಲ್ ಕಿಸಕ್ಕನೆ ನಕ್ಕ. ಸಾಮ್ರಾಟನ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು.

“ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು ಅತ್ತಿಗೆ,” ಅಂದ. “ಅಂಗಡಿ ಇಟ್ಟಾಗ ಆರು ತಿಂಗಳಲ್ಲಿ ಮುಚ್ಚುತ್ತೆ ಅಂದ್ರಿ. ಮನೆ ಕಟ್ಟಿಸಿದಾಗ ಬಿರುಕು ಬಿಡುತ್ತೆ ಅಂದ್ರಿ. ಕಾರು ತಗೊಂಡಾಗ ಅದರ ಬಣ್ಣ ನೋಡಿ ವಾಂತಿ ಬರುತ್ತೆ ಅಂದ್ರಿ. ನಾನು ಮುಟ್ಟಿದ್ದೆಲ್ಲಾ ನಿಮಗೆ ಸಿಡಿಯೋದೇ. ಇವತ್ತು ನಿಮ್ಮ ಮಾತು ಕೇಳಲ್ಲ. ಕಾರಲ್ಲಿ ಲೈಸೆನ್ಸು, ಹಣ ಎರಡೂ ಇದೆ. ತರ್ತೀನಿ.”

ಅವನು ಹೊರಗೆ ಹೋದ. ಕೋವಿಯಕ್ಕ ಮೇಜಿನ ಮೇಲಿನ ಕಪ್ಪು ಗೆರೆ ನೋಡುತ್ತಾ ನಿಂತಳು. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಂಗಡಿ ಮುಚ್ಚಿರಲಿಲ್ಲ, ಮನೆ ಬಿರುಕು ಬಿಟ್ಟಿರಲಿಲ್ಲ. ಎಲ್ಲಕ್ಕೂ ಒಂದೇ ರೀತಿ ಮೂಗು ಮುರಿದು ಮುರಿದು, ಈಗ ನಿಜವಾಗಿ ಹೇಳಬೇಕಾದ್ದನ್ನು ಹೇಳಲು ಅವಳ ಹತ್ತಿರ ಬೇರೆ ಮೂಗೇ ಉಳಿದಿರಲಿಲ್ಲ.

ಅವನ ಹಿಂದೆ ಹೋದಳು. ಅವನು ಕಾರಿನ ಮುಂಬಾಗಿಲು ತೆರೆದು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಕೈ ಹಾಕಿದ್ದ. ಬಿಸಿಲು ಚುರುಗುಟ್ಟುತ್ತಿತ್ತು. ಎದುರುಮನೆಯ ಹೆಂಗಸು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದಳು.

“ಒಂದು ನಿಮಿಷ ಕೇಳು,” ಅಂದಳು.

ಏಕವಚನ ಕೇಳಿ ಅವನು ತಿರುಗಿದ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನನ್ನು ‘ನೀನು’ ಅಂದಿರಲಿಲ್ಲ. ಅವಳ ಬಾಯಿಗೆ ಅದು ಹೇಗೆ ಬಂತೋ ಅವಳಿಗೂ ತಿಳಿಯಲಿಲ್ಲ.

“ಕ್ಲಬ್ಬಲ್ಲಿ ಒಬ್ಬನ ಕೈ ಹೋಯ್ತಲ್ಲ, ಇಪ್ಪತ್ತಾರು ವರ್ಷದ ಹಿಂದೆ. ಕೇಳಿದೀಯಾ?”

“ಗುರಿ ಹೊಡೆಯೋರಿಗೆ ಅಂತ ಮಣ್ಣಿನ ತಟ್ಟೆ ಗಾಳಿಗೆ ಹಾರಿಸ್ತಿದ್ದೋನು. ತಪ್ಪು ತೋಟಾ ಹಾಕ್ಕೊಂಡ ಅಂತಾರೆ. ಅದಕ್ಕೇನೀಗ?”

“ಅವನು ಹಾಕ್ಕೊಂಡಿದ್ದು ಸರಿಯಾದ ತೋಟಾನೇ.”

ಸಾಮ್ರಾಟ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ.

ಕೋವಿಯಕ್ಕ ನಿಂತಲ್ಲೇ ಹೇಳಿದಳು. ಆಗ ಅವಳು ಆಯುಧದ ಕೋಣೆಗೆ ಹೊಸಬಳು, ಅಲ್ಲಿಗೆ ಬಂದ ಮೊದಲ ಹೆಂಗಸು. ಕ್ಲಬ್ಬಿಗೆ ಒಂದು ಹಳೇ ಜೋಡುನಳಿಗೆ ಕೊಳ್ಳುವುದಿತ್ತು. ಮಾರನೇ ದಿನ ಪಂದ್ಯ, ಕಾರ್ಯದರ್ಶಿ ಗಡಿಯಾರ ನೋಡುತ್ತಾ ಬಾಗಿಲಲ್ಲಿ ನಿಂತಿದ್ದರು. ಬಲಗಡೆಯ ನಳಿಗೆಯಲ್ಲಿ ಅವಳಿಗೆ ಇದೇ ನೆರಳು ಕಂಡಿತು. ಎಣ್ಣೆ ಸವರಿ, ಪುಡಿ ಹಾಕಿ ನೋಡಬೇಕು, ಟೈಮು ಬೇಕು ಅನ್ನಬೇಕಿತ್ತು. ಅಂದರೆ, ಇವಳಿಗೆ ನೋಡೋಕೇ ಬರಲ್ಲ ಅನ್ನುತ್ತಾರೆ ಎಂಬ ಹೆದರಿಕೆ. ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದಳು. ಪಂದ್ಯದ ಬೆಳಿಗ್ಗೆ ಪರೀಕ್ಷೆಗೆಂದು ತಟ್ಟೆಯವನು ಅದನ್ನು ಹಾರಿಸಿದ. ಎಡಗೈಯ ಮೂರು ಬೆರಳು ಹುಲ್ಲಿನ ಮೇಲೆ ಬಿದ್ದವು.

“ಸಂಜೆ ಕಾರ್ಯದರ್ಶಿ ಇನ್ನೊಂದು ಕಾಗದ ಬರೆದ್ರು. ಅವನು ಸಣ್ಣ ಅಳತೆ ತೋಟಾ ಹಾಕಿದ್ದ, ಅದು ನಳಿಗೇಲಿ ಸಿಕ್ಕಿಕೊಂಡಿತ್ತು, ಹಿಂದೆ ಇನ್ನೊಂದು ಹಾಕಿ ಹೊಡೆದ ಅಂತ. ಅದಕ್ಕೂ ನಾನೇ ಸಹಿ ಹಾಕ್ದೆ.”

ಅವಳ ಧ್ವನಿಯಲ್ಲಿ ಎಂದಿನ ಉಪ್ಪೂ ಇರಲಿಲ್ಲ, ಕಾರವೂ ಇರಲಿಲ್ಲ. ಸಾಮ್ರಾಟ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಹೊಸದಾಗಿ ನೋಡುವವನಂತೆ.

“ನೀವಾ?” ಅಂದ.

ಆ ಒಂದು ಮಾತಿನಲ್ಲಿ ಗಾಬರಿಯಿತ್ತು, ಅದರ ಹಿಂದೆಯೇ ಇನ್ನೊಬ್ಬರ ತಪ್ಪು ಕೈಗೆ ಸಿಕ್ಕ ಹೊಳಪಿತ್ತು. ಕೋವಿಯಕ್ಕನಿಗೆ ಆ ಹೊಳಪು ಚೆನ್ನಾಗಿ ಗೊತ್ತು. ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದಳು.

“ನಾನೇ. ಅವನು ಎಡಗೈ ಹಿಡಿದಿದ್ದ ಜಾಗಾನೂ, ಈ ಕೋವೀಲಿ ಗೆರೆ ಬಂದಿದೆಯಲ್ಲ, ಆ ಜಾಗಾನೂ ಒಂದೇ. ಈಗ ಕೊಳ್ಳೋದು ಬಿಡೋದು ನಿನ್ನಿಷ್ಟ.”

ಸಾಮ್ರಾಟ ತನ್ನ ಎಡಗೈ ನೋಡಿಕೊಂಡ. ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದ. ಲೈಸೆನ್ಸ್ ಪುಸ್ತಕವನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದ.

ಕೋವಿಯಕ್ಕ ಚೀಲ ತರಲು ಒಬ್ಬಳೇ ಒಳಗೆ ಹೋದಳು. ವ್ಯಾಪಾರ ಮುರಿಯಿತು ಎಂದು ಗೊತ್ತಾಗುತ್ತಲೇ ಕರ್ನಲ್ಲನ ನಯವೆಲ್ಲ ಗಾಳಿಗೆ ಹೋಯಿತು. “ಹೆಂಗಸರ ಮಾತು ಕೇಳೋ ಗಂಡಸಿಗೆ ಕೋವಿ ಬೇರೆ ಕೇಡು,” ಎಂದು ಗೊಣಗಿದ. “ನಾಳೇನೇ ಇನ್ನೊಬ್ಬರು ಬಂದು ತಗೊಂಡು ಹೋಗ್ತಾರೆ.”

“ಹೋಗಲ್ಲ,” ಅಂದಳು ಅವಳು, ಕೋವಿಯ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾ. “ಇವತ್ತು ಮಧ್ಯಾಹ್ನಾನೇ ಲೈಸೆನ್ಸ್ ಕಚೇರಿಗೆ ಬರೀತೀನಿ. ಈ ನಂಬರಿನ ಕೋವಿ ಹಾರಿಸೋಕೆ ಯೋಗ್ಯ ಅಲ್ಲ, ನಳಿಗೆ ಬಿರುಕು ಬಿಟ್ಟಿದೆ ಅಂತ. ನನ್ನ ಸಹಿ ಹಾಕಿ.”

“ಯಾರ್ರೀ ನೀವು? ಯಾರು ಕೇಳ್ತಾರೆ ನಿಮ್ಮ ಸಹಿ?”

ಆಗ ಒಳಬಾಗಿಲಿನ ಪರದೆ ಸರಿಸಿ ಕರ್ನಲ್ಲನ ಹೆಂಡತಿ ಇಣುಕಿದಳು. ಕೈಯಲ್ಲಿ ಯಾರೂ ಕುಡಿಯದೆ ಆರಿಹೋದ ಕಾಫಿಯ ತಟ್ಟೆ.

“ಬರೀರಿ, ಪುಣ್ಯ ಬರುತ್ತೆ,” ಅಂದಳು. “ಅದು ಉಬ್ಬಿದಾಗಿಂದ ಇವರೇ ಅದನ್ನ ಮುಟ್ಟಿಲ್ಲ. ಹನ್ನೊಂದು ವರ್ಷ ಆಯ್ತು. ನನ್ನ ಕೈಲೇ ಒರೆಸಿಸ್ತಾರೆ.”

ಕರ್ನಲ್ಲನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಕೋವಿಯಕ್ಕನಿಗೆ ಅವನನ್ನು ಬೈಯಲು ನಾಲ್ಕೈದು ಒಳ್ಳೊಳ್ಳೆಯ ಮಾತುಗಳು ನಾಲಿಗೆಯ ತುದಿಗೆ ಬಂದಿದ್ದವು. ಯಾವುದನ್ನೂ ಆಡಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವರನ್ನು ಬೈಯುವ ಬಾಯಿ ಅವತ್ತು ತನ್ನದಾಗಿರಲಿಲ್ಲ.

ಕಾಗದ ಬರೆದಳು. ಮೂರು ವಾರದ ಮೇಲೆ ಪೊಲೀಸರು ಬಂದು ಕೋವಿ ಎತ್ತಿಕೊಂಡು ಹೋದರು, ಪರೀಕ್ಷೆಯವರು ನೋಡಿದರು, ನಳಿಗೆಗಳನ್ನು ಗರಗಸದಲ್ಲಿ ಕೊಯ್ದು ಹಾಕಿದರು ಎಂದು ಸುದ್ದಿ ಬಂತು. ಕರ್ನಲ್ ಬೀದಿಯಲ್ಲಿ ಎದುರಾದಾಗ ರಸ್ತೆ ದಾಟಿ ಆಚೆ ಹೋಗುತ್ತಿದ್ದ.

ಅಷ್ಟರಲ್ಲಿ ಸಾಮ್ರಾಟನ ಬಾಯಿ ತನ್ನ ಕೆಲಸ ಮಾಡಿತ್ತು. ಮೊದಲು ಮನೆಯಲ್ಲಿ ಹೇಳಿದ. ತಂಗಿ ಎರಡು ದಿನ ಅಕ್ಕನ ಫೋನು ಎತ್ತಲಿಲ್ಲ. ಆಮೇಲೆ ಯಾರದೋ ಮನೆಯ ಊಟದಲ್ಲಿ, ಬಡಿಸುತ್ತಿದ್ದವರೂ ನಿಂತು ಕೇಳುವ ಹಾಗೆ ಹೇಳಿದ. ಆಮೇಲೆ ಕ್ಲಬ್ಬಿನ ಬೆತ್ತದ ಕುರ್ಚಿಯಲ್ಲಿ ಕೂತು, ಸೋಡಾ ಹೀರುತ್ತಾ, “ನಮ್ಮ ಅತ್ತಿಗೆ ಅಂದ್ರೆ ಏನಂದ್ಕೊಂಡಿದೀರಿ…” ಎಂದು ಶುರುಮಾಡಿದ. ಹಳೇ ಕಾರ್ಯದರ್ಶಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಉತ್ತರ ಕೊಡಬೇಕಾದವಳು ಕೋವಿಯಕ್ಕ ಒಬ್ಬಳೇ. ಯಾರೂ ಏನೂ ಕೇಳಲಿಲ್ಲ. ಎದುರಾದವರು ನಮಸ್ಕಾರ ಮಾಡುವಾಗ ಅರೆಗಳಿಗೆ ತಡೆದು ಮಾಡುತ್ತಿದ್ದರು, ಅಷ್ಟೆ.

ಒಂದು ಬುಧವಾರ ಬೆಳಿಗ್ಗೆ ತಟ್ಟೆಯವನೇ ಅವಳ ಮಹಡಿ ಮೆಟ್ಟಿಲು ಹತ್ತಿ ಬಂದ. ಕೈ ಹೋದಮೇಲೆ ಕ್ಲಬ್ಬಿನವರು ಕೊಟ್ಟ ಸ್ವಲ್ಪ ಹಣದಲ್ಲಿ ಅವನು ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ. ಕೂರಲಿಲ್ಲ. ಬಾಗಿಲಿನ ಚೌಕಟ್ಟಿಗೆ ಎಡಗೈಯ ಎರಡು ಬೆರಳು ಊರಿ ನಿಂತ.

“ಮೇಡಂ, ಅವತ್ತು ನಿಮಗೆ ಕಂಡಿತ್ತಾ?”

“ಕಂಡಿತ್ತು.”

ಅವನು ಆ ಕೈ ಕೆಳಗಿಳಿಸಿದ. “ಯಾವ ತೋಟಾ ಹಾಕಿದೆ ಅಂತ ನನಗೇ ನೆನಪಿರಲಿಲ್ಲ. ಓದಿದೋರು ನೀವೆಲ್ಲ ಬರೆದು ಸಹಿ ಮಾಡಿದ್ಮೇಲೆ ಹಂಗೇ ಇರಬೇಕು ಅಂದ್ಕೊಂಡೆ. ಇಪ್ಪತ್ತಾರು ವರ್ಷ ಹಂಗೇ ಅಂದ್ಕೊಂಡಿದೀನಿ. ಮನೇಲಿ ಒಂದು ಲೋಟ ಕೈಜಾರಿದ್ರೂ ನಮ್ಮವಳು, ತೋಟಾ ಹಾಕಿದ ಕೈ ಅಲ್ವಾ, ಇನ್ನೇನಾಗುತ್ತೆ ಅಂತಾಳೆ.”

ಕೋವಿಯಕ್ಕ ಒಳಗೆ ಹೋಗಿ ಕಪಾಟಿನಿಂದ ತನ್ನ ಉಳಿತಾಯದ ಪುಸ್ತಕ ತಂದಳು. ಅವನು ಅದರ ಕಡೆ ನೋಡಿದ ರೀತಿಗೆ ಅವಳ ಕೈ ಅರ್ಧಕ್ಕೇ ನಿಂತಿತು.

“ಅದನ್ನ ಒಳಗಿಡಿ. ನಮ್ಮನೆಗೆ ಬಂದು ಅವಳಿಗೆ ಹೇಳಿ. ನೀವೇ ಹೇಳಬೇಕು. ನಾನು ಹೇಳಿದ್ರೆ ನಂಬಲ್ಲ.”

ಆಗಲೇ ಹೊರಟರು. ಅವನು ಮುಂದೆ, ಅವಳು ಹಿಂದೆ. ಇಸ್ತ್ರಿ ಅಂಗಡಿಯ ಹಿಂದೆಯೇ ಮನೆ, ಒಂದೇ ಕೋಣೆ, ಬಿಸಿ ಬಟ್ಟೆಯ ವಾಸನೆ. ಅವನ ಹೆಂಡತಿ ನೆಲದ ಮೇಲೆ ಕೂತು ಇಸ್ತ್ರಿ ಮಾಡಿದ ಅಂಗಿಗಳನ್ನು ಗಿರಾಕಿಗಳ ಲೆಕ್ಕದಲ್ಲಿ ಬೇರೆ ಬೇರೆ ಗಂಟು ಕಟ್ಟುತ್ತಿದ್ದಳು. ಕೋವಿಯಕ್ಕ ನಿಂತುಕೊಂಡೇ ಮೊದಲಿನಿಂದ ಹೇಳಿದಳು. ನೆರಳು ಕಂಡದ್ದು, ಬರೆದದ್ದು, ಆಮೇಲೆ ಬರೆದದ್ದು. ನೆಪ ಯಾವುದನ್ನೂ ಸೇರಿಸಲಿಲ್ಲ. ಕಾರ್ಯದರ್ಶಿಯ ಗಡಿಯಾರವನ್ನೂ ಬಿಟ್ಟಳು.

ಹೆಂಡತಿ ಗಂಟು ಕಟ್ಟುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಗಂಡನ ಕಡೆ ತಿರುಗಿ, “ಇವರಾ? ಮೇಡಂ ಅಂಥವರು, ಮೇಡಂ ಇಂಥವರು ಅಂತ ನೀವು ಹೊಗಳ್ತಿದ್ದಿದ್ದು ಇವರನ್ನಾ?” ಅಂದಳು. ಕೋವಿಯಕ್ಕನನ್ನು ನೋಡಿದಳು. ಸಿಟ್ಟಿನಿಂದಲ್ಲ, ಕೊಳೆ ಬಿಡದ ಬಟ್ಟೆ ನೋಡುವ ಹಾಗೆ ನೋಡಿದಳು. “ನನ್ನ ಗಂಡನಿಗೆ ನನ್ನ ಬಾಯಲ್ಲೇ ಎಷ್ಟು ಅನ್ನಿಸಿಬಿಟ್ರಿ ನೀವು. ಇನ್ನು ನಾನು ಅದನ್ನೆಲ್ಲಾ ಎಲ್ಲಿಂದ ವಾಪಸ್ ತಗೊಳ್ಳಲಿ?”

ಯಾರನ್ನೇ ಆಗಲಿ ಒಂದು ಮಾತಿನಲ್ಲಿ ಮಲಗಿಸುತ್ತಿದ್ದವಳು ತಲೆ ತಗ್ಗಿಸಿ ನಿಂತಳು. ತಟ್ಟೆಯವನು ಹೆಂಡತಿಯ ಪಕ್ಕ ಹೋಗಿ ಕೂತ. ಅವಳು ಒಂದು ಅಂಗಿ ಅವನ ಕಡೆ ತಳ್ಳಿದಳು, ಅವನು ಎರಡು ಬೆರಳಲ್ಲಿ ತೋಳು ಮಡಚಿದ. ಇಬ್ಬರೂ ಕೆಲಸಕ್ಕೆ ತಿರುಗಿದ ಮೇಲೆ, ತನಗೆ ಯಾರೂ ಹೋಗಿ ಎಂದೂ ಹೇಳುವುದಿಲ್ಲ ಎಂದು ತಿಳಿದು ಅವಳು ಹೊರಟಳು.

ರಸ್ತೆಯ ತಿರುವಿನಲ್ಲಿ ಫೋನು ಹೊಡೆದುಕೊಂಡಿತು. ಸಾಮ್ರಾಟ.

“ಅತ್ತಿಗೆ, ಇನ್ನೊಂದು ಕೋವಿ ಇದೆಯಂತೆ. ಈ ಸಲ ಮನೆ ಅಲ್ಲ, ಲೈಸೆನ್ಸ್ ಇರೋ ಅಂಗಡೀಲೇ. ಅರವತ್ತು ಹೇಳ್ತಿದಾನೆ. ಶನಿವಾರ ಬರ್ತೀರಾ?”

“ಬರ್ತೀನಿ.”

ಆಮೇಲೆ, ಟೈಲ್ಸ್ ಒಡೆದು ತಂದ ಗಿರಾಕಿಯನ್ನು ವಿಚಾರಿಸುವ ಧ್ವನಿಯಲ್ಲಿ ಅವನು ಕೇಳಿದ: “ಸರಿಯಾಗಿ ನೋಡ್ತೀರಿ ತಾನೇ?”

ಕೋವಿಯಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಒಂದು ಲಾರಿ ಹಾದುಹೋಯಿತು. ಅದು ದಾಟುವವರೆಗೆ ಕಾದು, “ನೋಡ್ತೀನಿ,” ಅಂದಳು.